ಹಲ್ಲು ನೋಡಿ ಹಗ್ಗ ಹಿಡಿ

ಪುಟ್ಟಾ, ಡಿಮ್ಯಾಟ್ ಖಾತೆ ತೆರೆದೆಯಂತೆ, ಸಂತೋಷ. ಆದರೆ ಬಂದ ಐಪಿಒಗಳಿಗೆಲ್ಲ ಅರ್ಜಿ ಹಾಕುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಅದಕ್ಕೇ ಈ ಎರಡು ಮಾತು.

ನಮ್ಮ ತಾತ ನನ್ನನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದೊಯ್ಯುತ್ತಿದ್ದರು. ಎತ್ತಿನ ಸುತ್ತ ಎಷ್ಟೇ ಜನ ಮುತ್ತಿರಲಿ, ಅವರು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಆಮೇಲೆ ಕೇಳುತ್ತಿದ್ದರು: “ಯಾಕಪ್ಪಾ ಮಾರ್ತಿದ್ದೀಯ?” ಉತ್ತರ ಒಪ್ಪಿಗೆಯಾಗದಿದ್ದರೆ ಹಗ್ಗ ಬಿಟ್ಟು ಬರಿಗೈಲಿ ಊರಿಗೆ ಹೊರಟುಬಿಡುತ್ತಿದ್ದರು.

ಷೇರಿನ ಜಾತ್ರೆಯಲ್ಲೂ ಜನ ಸೇರಿದ್ದನ್ನು ನಂಬಬೇಡ. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಷೇರು ಕೊಡಲು ಬಂದಾಗ ಕೊಳ್ಳುವವರೇ ಸಾಲಲಿಲ್ಲ. 2008ರಲ್ಲಿ ರಿಲಯನ್ಸ್ ಪವರ್‌ಗೆ 70 ಪಟ್ಟಿಗೂ ಮಿಕ್ಕಿ ಬೇಡಿಕೆ ಬಂತು. 450 ರೂಪಾಯಿಯ ಷೇರು ಮೊದಲ ದಿನವೇ 372ರ ಸುಮಾರಿಗೆ ಬಂದು ನಿಂತಿತು. ಷೇರು ಪೇಟೆಗೆ ಬರುವ ಮುಂಚೆಯೇ ಹೊರಗೆ ಅನಧಿಕೃತವಾಗಿ ಕೂಗುವ ಹೆಚ್ಚುವರಿ ಬೆಲೆ, ಗ್ರೇ ಮಾರ್ಕೆಟ್ ಪ್ರೀಮಿಯಂ ಅನ್ನುವುದೂ ಜಾತ್ರೆಯ ಗದ್ದಲವೇ. ನಷ್ಟವಾದರೆ ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ನೀನು ನೋಡಬೇಕಾದ ಹಲ್ಲು ಇರುವುದು ಪ್ರಾಸ್ಪೆಕ್ಟಸ್‌ನಲ್ಲಿ. ಸೆಬಿ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ನೂರಾರು ಪುಟ ಕಂಡು ಹೆದರಬೇಡ, ಮೂರು ಕಡೆ ಓದು. ಕಂಪನಿ ತಾನೇ ಬರೆದುಕೊಂಡ ಅಪಾಯಗಳು. ಮೂರು ವರ್ಷದ ಲೆಕ್ಕ: ಲಾಭ ತೋರಿಸಿದ್ದರೆ ವ್ಯಾಪಾರದಿಂದ ಆ ದುಡ್ಡು ನಿಜವಾಗಿ ಕೈಗೆ ಬಂದಿದೆಯೇ ಅಂತ. ಕೊನೆಗೆ, ನಿನ್ನ ಹಣ ಹೋಗುವುದೆಲ್ಲಿಗೆ? ಫ್ರೆಶ್ ಇಷ್ಯೂ ಆದರೆ ಕಂಪನಿಗೆ, ಆಫರ್ ಫಾರ್ ಸೇಲ್ ಆದರೆ ಹಳೆಯ ಷೇರುದಾರರ ಜೇಬಿಗೆ. 2021ರಲ್ಲಿ ಪೇಟಿಎಂ ಎತ್ತಿದ 18,300 ಕೋಟಿಯಲ್ಲಿ 10,000 ಕೋಟಿ ಈ ಎರಡನೆಯ ಬಗೆಯದು. 2,150 ರೂಪಾಯಿಯ ಷೇರು ಮೊದಲ ದಿನವೇ ಶೇ. 27ರಷ್ಟು ಕುಸಿಯಿತು. ಹಳಬರು ಮಾರುವುದು ತಪ್ಪೇನಲ್ಲ. ಆದರೆ ತಾತನ ಪ್ರಶ್ನೆ ಕೇಳದೆ ಕೊಳ್ಳಬೇಡ.

ಇನ್ನೊಂದು ಸೂಕ್ಷ್ಮ ಇದೆ. ಎಲ್ಲರೂ ಮುಗಿಬಿದ್ದದ್ದು ಲಾಟರಿಗೆ ಹೋಗಿ ಕೈತಪ್ಪುತ್ತದೆ, ಸಿಕ್ಕರೂ ಒಂದು ಲಾಟ್. ಯಾರಿಗೂ ಬೇಡವಾದದ್ದು ಕೇಳಿದಷ್ಟೂ ಸಿಗುತ್ತದೆ. ಕಣ್ಣುಮುಚ್ಚಿ ಎಲ್ಲಕ್ಕೂ ಹಾಕಿದವನ ಬುಟ್ಟಿಯಲ್ಲಿ ಕೊನೆಗೆ ಉಳಿಯುವುದು ಈ ಎರಡನೆಯದೇ.

ಬಿಟ್ಟರೆ ಕೆಟ್ಟೆ ಅನ್ನಿಸುತ್ತದೆಯೇ? ಷೇರು ಎಲ್ಲೂ ಓಡಿಹೋಗುವುದಿಲ್ಲ. 2022ರಲ್ಲಿ 949 ರೂಪಾಯಿ ಬೆಲೆ ಕಟ್ಟಿದ ಎಲ್‌ಐಸಿ ಷೇರು ಮೊದಲ ದಿನವೇ 900ರೊಳಗೆ ಸಿಕ್ಕಿತು. ಎರಡು ತ್ರೈಮಾಸಿಕದ ಫಲಿತಾಂಶ ನೋಡಿ ಕೊಂಡರೂ ತಡವಲ್ಲ.

ಮುಂದಿನ ಸಲ ಫೋನಿಗೆ ಯುಪಿಐ ಮ್ಯಾಂಡೇಟ್ ಬಂದಾಗ, ಒಪ್ಪಿಗೆ ಒತ್ತುವ ಮುಂಚೆ ಒಂದು ಪುಸ್ತಕದಲ್ಲಿ ಬರೆ: ಯಾರು ಮಾರುತ್ತಿದ್ದಾರೆ, ಯಾಕೆ, ನಾನೇಕೆ ಕೊಳ್ಳುತ್ತಿದ್ದೇನೆ. ಬರೆಯಲು ಪೆನ್ನು ತಡವರಿಸಿದರೆ ಹಗ್ಗ ಬಿಟ್ಟುಬಿಡು. ಬರಿಗೈಲಿ ಬಂದ ತಾತ ಮರುವರ್ಷ ಅದೇ ದುಡ್ಡು ಹಿಡಿದು ಜಾತ್ರೆಗೆ ಹೋಗುತ್ತಿದ್ದರು.