ವರದಿಯಲ್ಲಿ ‘1ಆರ್’ ಎಂದಿದೆ, ಗಾಬರಿಯಾಗಿದೆ

ಪ್ರಶ್ನೆ: ನಾವು ಮುದ್ದೇಬಿಹಾಳ ತಾಲ್ಲೂಕಿನವರು. ನಮ್ಮ ಯಜಮಾನರಿಗೆ ಎಂಟು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಹೃದಯ ಕಸಿ ಆಗಿದೆ. ಈ ಸಲದ ಬಯಾಪ್ಸಿಯಲ್ಲಿ ‘1ಆರ್’, ಸ್ವಲ್ಪ ಉರಿಯೂತವಿದೆ ಎಂದಿದ್ದಾರೆ. ಔಷಧ ಮಾತ್ರ ಬದಲಿಸಿಲ್ಲ. ಖಾರ ಹಾಕಿ ಹಾಕಿ ಉಷ್ಣ ಮಾಡಿದೆ ಎಂದು ಅತ್ತೆಯವರು ನನ್ನನ್ನೇ ಬೈಯುತ್ತಾರೆ. ಹೊಸ ಹೃದಯ ಮೈಗೆ ಒಗ್ಗುತ್ತಿಲ್ಲವೇ? ಮೈಕೈ ನೋವೆಂದಾಗ ಮೆಡಿಕಲ್‌ನಿಂದ ಉರಿಯೂತದ ಗುಳಿಗೆ ತಂದು ಕೊಡಲೇ?

ಉತ್ತರ: ತಂಗಿ, ರೊಟ್ಟಿಗೆ ಹಚ್ಚಿಕೊಂಡು ತಿಂದ ರಂಜಕದಿಂದ ಹೃದಯದ ಸ್ನಾಯುವಿಗೆ ಉರಿಯೂತ ಬರುವುದಿಲ್ಲ. ಆ ಅಪವಾದವನ್ನು ನೀವು ಹೊರಬೇಡಿ. ಅತ್ತೆಯವರನ್ನು ಒಮ್ಮೆ ಜೊತೆಗೆ ಕರೆದೊಯ್ಯಿರಿ, ವೈದ್ಯರ ಬಾಯಿಂದಲೇ ಕೇಳಲಿ.

ಬಯಾಪ್ಸಿಯಲ್ಲಿ ಸಾಮಾನ್ಯವಾಗಿ ಕುತ್ತಿಗೆಯ ರಕ್ತನಾಳದಿಂದ ಸಾಧನ ಇಳಿಸಿ, ಹೃದಯದ ಒಳಗೋಡೆಯ ಕೆಲವು ಸಣ್ಣ ಚೂರು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. 1ಆರ್ ಅಂದರೆ ರಕ್ಷಣಾ ಕಣಗಳು ಸ್ನಾಯುವಿನ ನಡುವೆ ಬಂದು ಸೇರಿವೆ. ಹಾನಿ ಇದ್ದರೂ ಹೆಚ್ಚೆಂದರೆ ಒಂದು ಕಡೆ. ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಇದಕ್ಕೆ ಸಾಮಾನ್ಯವಾಗಿ ಔಷಧ ಹೆಚ್ಚಿಸುವುದಿಲ್ಲ. 2ಆರ್‌ನಿಂದ ಮುಂದೆ ಚಿಕಿತ್ಸೆ ಬಿಗಿಯಾಗುತ್ತದೆ. ವೈದ್ಯರು ಔಷಧ ಬದಲಿಸದಿರುವುದು ನನ್ನ ಪಾಲಿಗೆ ಧೈರ್ಯದ ಸುದ್ದಿ.

ಹಾಗೆಂದು ಉರಿಯೂತವನ್ನು ಹಗುರವಾಗಿ ಕಾಣುವಂತಿಲ್ಲ. ದಾನಿಯ ಮಿದುಳು ಸತ್ತಾಗಲೇ ಆ ದೇಹದಲ್ಲಿ ಉರಿಯೂತದ ರಾಸಾಯನಿಕಗಳು ಏರುತ್ತವೆ. ಹೃದಯವನ್ನು ತಣ್ಣಗಿಟ್ಟು ಸಾಗಿಸುವಾಗ ಅದಕ್ಕೆ ರಕ್ತವಿಲ್ಲ; ಸುಮಾರು ನಾಲ್ಕು ಗಂಟೆಯೊಳಗೆ ಜೋಡಿಸಬೇಕೆಂಬ ಧಾವಂತ, ಆಂಬುಲೆನ್ಸ್‌ಗೆ ದಾರಿ ಬಿಡಿಸುವುದು ಅದಕ್ಕಾಗಿಯೇ. ಮತ್ತೆ ರಕ್ತ ಹರಿದೊಡನೆ ನೊಂದ ಜೀವಕೋಶಗಳು ಅಪಾಯದ ಸಂಕೇತ ಹೊರಬಿಡುತ್ತವೆ. ಕಾವಲು ಕಣಗಳು ಎಚ್ಚೆತ್ತು, ಪರಕೀಯ ಪ್ರೋಟೀನಿನ ಚೂರುಗಳನ್ನು ದುಗ್ಧಗ್ರಂಥಿಗೆ ಒಯ್ದು ಟಿ ಕಣಗಳಿಗೆ ತೋರಿಸುತ್ತವೆ. ಬೇರೆಯವರ ಅಂಗ ಎಂಬುದರ ಜೊತೆಗೆ ಅಲ್ಲಿ ಗಾಯವೂ ಇದೆ ಎಂದು ಗೊತ್ತಾದಾಗ ದಾಳಿ ಜೋರಾಗುತ್ತದೆ. ಮೊದಲ ವರ್ಷ ಈ ಭಯ ಹೆಚ್ಚು. ಆಮೇಲೂ ಸೈಟೊಮೆಗಾಲೊ ವೈರಸ್‌ನಂಥ ಸೋಂಕು ಅದೇ ಉರಿಯನ್ನು ಮತ್ತೆ ಎಬ್ಬಿಸಬಲ್ಲದು. ವರ್ಷಗಟ್ಟಲೆ ಸಣ್ಣಗೆ ಉಳಿದ ಉರಿಯೂತ ಹೃದಯದ ರಕ್ತನಾಳಗಳನ್ನೇ ಕಿರಿದಾಗಿಸುತ್ತದೆ. ಕಸಿಯಲ್ಲಿ ನರಗಳು ಕಡಿದಿರುವುದರಿಂದ ಎದೆನೋವು ಕಾಣಿಸದೆಯೂ ಇರಬಹುದು. ಏದುಸಿರು, ಕಾಲು ಬಾವು, ಒಮ್ಮೆಲೇ ತೂಕ ಏರುವುದು, ಇವನ್ನು ಗಮನಿಸಿ.

ಈಗ ಗುಳಿಗೆಯ ಮಾತು. ಕೊಡಲೇಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಈ ಉರಿಯೂತವನ್ನು ತಡೆಯುವುದಿಲ್ಲ. ದೇಹ ಕಸಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಜೊತೆ ಸೇರಿ ಮೂತ್ರಪಿಂಡ ಕೆಡಿಸುತ್ತವೆ. ಸೋಂಕಿಗೆ ಕೊಡುವ ಕ್ಲಾರಿತ್ರೊಮೈಸಿನ್ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿಸುತ್ತದೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಸಿಂದಗಿಗೆ ಹೋದರೂ ಇಂಡಿಗೆ ಹೋದರೂ, ಯಾವುದೇ ವೈದ್ಯರ ಮುಂದೆ ಮೊದಲು ಕಸಿಯ ಚೀಟಿ ಇಡಿ. ಔಷಧದ ಮಟ್ಟ ಏರುಪೇರಾಗದಂತೆ ಚಕ್ಕೋತ ಹಣ್ಣೂ ಬೇಡ.

ದೇಹದ ರೋಗರಕ್ಷಣೆಯನ್ನು ಅತಿಯಾಗಿ ತಗ್ಗಿಸಿದರೂ ಜೀವಕ್ಕೆ ಕುತ್ತು. 1967ರಲ್ಲಿ ಕೇಪ್‌ಟೌನ್‌ನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಮಾಡಿದ ಮೊದಲ ಮಾನವ ಹೃದಯ ಕಸಿಯ ರೋಗಿ 18 ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡರು. ಆದ್ದರಿಂದ ತೊಗರಿ ರಾಶಿಯ ಧೂಳು, ಬೂಸ್ಟು ಹಿಡಿದ ಕಣಿಕೆಯ ಬಣವಿಯಿಂದ ಅವರನ್ನು ದೂರವಿಡಿ. ವಸಡು ಬಾತರೆ ತಡಮಾಡದೆ ತೋರಿಸಿ. ಜ್ವರ 100.4 ಡಿಗ್ರಿ ಮುಟ್ಟಿದರೆ, ಅದು ನಡುರಾತ್ರಿಯಾದರೂ, ಕಸಿ ತಂಡಕ್ಕೆ ಫೋನ್ ಮಾಡಿ.

ಹೃದಯ ಕಸಿ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲೂ ನಡೆದಿದೆ. ಬೆಂಗಳೂರಿಗೆ ಹೋಗುವ ಬದಲು ಕೆಲವು ತಪಾಸಣೆ ಅಲ್ಲಿ ಮಾಡಿಸಬಹುದೇ ಎಂದು ನಿಮ್ಮ ತಂಡವನ್ನು ಕೇಳಿ ನೋಡಿ. ಟ್ಯಾಕ್ರೊಲಿಮಸ್ ಮಟ್ಟದ ರಕ್ತ ಕೊಡುವುದು ಬೆಳಗಿನ ಗುಳಿಗೆಗೆ ಮುಂಚೆ. ತಪಾಸಣೆಗೆಂದು ರಾತ್ರಿ ಬಸ್ಸಿಗೆ ಹೊರಟಾಗ ಆ ಗುಳಿಗೆ ನಿಮ್ಮ ಚೀಲದಲ್ಲಿರಲಿ; ರಕ್ತ ತೆಗೆದ ಕೂಡಲೇ ಕೊಡಿ.