ಹಳದಿ ಕಣ್ಣು, ಸಿದ್ಧರಬೆಟ್ಟದ ಬೇರು

ಶಿವರಾತ್ರಿ ಉಪವಾಸದ ಮರುದಿನ ಕಣ್ಣು ಹಳದಿಯಾಯಿತು, ತಂದೆಯವರಿಗೂ ಹೀಗೇ ಆಗುತ್ತಿತ್ತು ಎಂದು ಮಧುಗಿರಿಯಿಂದ ಬರೆದಿದ್ದೀರಿ. ವರದಿಯಲ್ಲಿ ಬಿಲಿರುಬಿನ್ 2.4, ಹೆಚ್ಚಿರುವುದು ಇನ್‌ಡೈರೆಕ್ಟ್ ಬಗೆಯದು. ಉಳಿದ ಲಿವರ್ ಪರೀಕ್ಷೆಗಳೂ ರಕ್ತಕಣಗಳೂ ಸರಿಯಾಗಿವೆ. ನಿಮ್ಮ ವೈದ್ಯರು ಹೇಳಿದ ಗಿಲ್ಬರ್ಟ್ ಸಿಂಡ್ರೋಮ್‌ಗೆ ಇದೆಲ್ಲ ಹೊಂದುತ್ತದೆ. ಹಳೆಯ ರಕ್ತಕಣ ಒಡೆದಾಗ ಬರುವ ಬಿಲಿರುಬಿನ್ ಎಂಬ ಹಳದಿಯನ್ನು ಹೊರಹಾಕಲು ನೆರವಾಗುವ ಕಿಣ್ವ ಹುಟ್ಟಿನಿಂದಲೇ ಕಡಿಮೆ, ಅಷ್ಟೇ. ಇದರಿಂದ ಲಿವರ್ ಹಾಳಾಗುವುದಿಲ್ಲ.

ದಯವಿಟ್ಟು ಕಾಮಾಲೆ ಎಂದು ಕೈಗೆ ಬರೆ ಹಾಕಿಸಿಕೊಳ್ಳಬೇಡಿ. ಕೊರಟಗೆರೆಯ ಸಿದ್ಧರಬೆಟ್ಟದ ಗಿಡಮೂಲಿಕೆಗಳ ಮೇಲೆ ನನಗೂ ಗೌರವವಿದೆ. ಆದರೆ ಅಮೃತಬಳ್ಳಿ ಕಷಾಯ ಕುಡಿದೇ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಉಪವಾಸವಿದ್ದಾಗ ಹಳದಿ ಏರುವುದರಿಂದ ನಿಮಗೆ ಬೇಕಾದ ಔಷಧಿ ಹೊತ್ತಿಗೆ ಸರಿಯಾಗಿ ಮುದ್ದೆ, ಸೊಪ್ಪಿನ ಸಾರು. ಪಾವಗಡದ ಬಿಸಿಲಲ್ಲಿ ಕೆಲಸವಿದ್ದ ದಿನ ನೀರು, ಮಜ್ಜಿಗೆ ಕೈಯಲ್ಲಿರಲಿ. ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ತುರಿಕೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.