ಹವಾಮಾನದ ಗುರಿಯೂ ನಿಮ್ಮ ಶೆಡ್ಡಿನ ಮೀಟರೂ: ಸಣ್ಣ ಉದ್ಯಮಿಗೆ ಎಂಟು ಸೂತ್ರಗಳು

2070ರ ಹೊತ್ತಿಗೆ ಭಾರತ ನೆಟ್ ಝೀರೋ ತಲುಪುತ್ತದೆ ಎಂದು 2021ರ ನವೆಂಬರಿನಲ್ಲಿ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಪ್ರಧಾನಿ ಘೋಷಿಸಿದರು. ಅದಕ್ಕೂ ಹತ್ತಿರದ ಗಡುವು 2030. ಅಷ್ಟರೊಳಗೆ ದೇಶದ ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಹಸಿರುಮನೆ ಅನಿಲ 2005ಕ್ಕಿಂತ ಶೇ. 45ರಷ್ಟು ಇಳಿಯಬೇಕು. ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲಗಳನ್ನು ನೆಚ್ಚದ ಮೂಲಗಳದ್ದಾಗಬೇಕೆಂಬ ಇನ್ನೊಂದು ಗುರಿಯನ್ನು 2025ರಲ್ಲೇ ಮುಟ್ಟಿದ್ದೇವೆ. ಸೋಲಾರ್, ಗಾಳಿ ವಿದ್ಯುತ್ತಿಗೆ ಹರಿದ ಖಾಸಗಿ ಬಂಡವಾಳ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಇವತ್ತಿಗೂ ನಮ್ಮ ಕರೆಂಟಿನ ದೊಡ್ಡ ಪಾಲು ಬರುವುದು ಕಲ್ಲಿದ್ದಲಿನಿಂದಲೇ. ಗ್ರಿಡ್ಡಿನಿಂದ ಎಳೆದ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ.

ಸಿಮೆಂಟ್, ಉಕ್ಕಿನಂಥ ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿಯನ್ನು ಸರ್ಕಾರ 2012ರಿಂದಲೇ ನಿಗದಿಪಡಿಸುತ್ತಿದೆ. ಪೀಣ್ಯದ ಮೆಷಿನ್ ಶಾಪ್, ಬೆಳಗಾವಿಯ ಫೌಂಡ್ರಿಗಳ ಮಾಲೀಕರಿಗೆ ಅಂಥ ಒತ್ತಾಯವಿಲ್ಲ. ಈ ಮಾತುಗಳು ಅವರಿಗಾಗಿ.

1. ದೇಶ ಅಳೆಯುವ ಹಾಗೆ ನೀವೂ ಅಳೆಯಿರಿ

ತಿಂಗಳ ಬಿಲ್ಲಿನ ಮೊತ್ತವನ್ನಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ. ಆರ್ಡರ್ ಹೆಚ್ಚಿದ ತಿಂಗಳು ಬಿಲ್ಲೂ ಹೆಚ್ಚುತ್ತದೆ. ಬಳಸಿದ ಯೂನಿಟ್ಟುಗಳನ್ನು ತಯಾರಾದ ಮಾಲಿನ ಕಿಲೋದಿಂದಲೋ ಸಂಖ್ಯೆಯಿಂದಲೋ ಭಾಗಿಸಿ. ಡೀಸೆಲ್ಲು, ಸೌದೆ, ಫರ್ನೇಸ್ ಆಯಿಲ್‌ಗೂ ಇದೇ ಲೆಕ್ಕ. ಈ ಒಂದು ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಕಾರ್ಖಾನೆ ಬೆಳೆಯುತ್ತಲೇ ದೇಶದ ಗುರಿಗೂ ನೆರವಾಗುತ್ತಿದೆ.

2. ಹೊಸದು ಕೊಳ್ಳುವ ಮೊದಲು ಸೋರಿಕೆ ನಿಲ್ಲಿಸಿ

ಶಿಫ್ಟ್ ಮುಗಿದು ಯಂತ್ರಗಳೆಲ್ಲ ನಿಂತ ಮೇಲೆ ಕಂಪ್ರೆಸರ್ ಒಂದನ್ನೇ ಚಾಲೂ ಬಿಟ್ಟು ಕಿವಿಗೊಡಿ. ಯಾರೂ ಗಾಳಿ ಬಳಸದಿದ್ದರೂ ಅದು ಮತ್ತೆ ಮತ್ತೆ ಲೋಡ್ ಆಗುತ್ತಿದ್ದರೆ ಪೈಪಿನಲ್ಲೋ ಜಾಯಿಂಟಿನಲ್ಲೋ ಗಾಳಿ ಹೋಗುತ್ತಿದೆ. ನಿಗಾ ಇಲ್ಲದ ಕಾರ್ಖಾನೆಗಳಲ್ಲಿ ಹೀಗೆ ಶೇ. 20-30ರಷ್ಟು ಗಾಳಿ ಪೋಲಾಗುವುದು ಅಪರೂಪವಲ್ಲ. ಸೋಪಿನ ನೊರೆ ಹಚ್ಚಿ ಸೋರುವ ಜಾಗ ಹಿಡಿಯಿರಿ. ಆಮೇಲೆ ಒತ್ತಡವನ್ನೂ ನೋಡಿ: ಕೆಲಸಕ್ಕೆ 6 ಬಾರ್ ಸಾಕಾಗುವಲ್ಲಿ 7 ಇಟ್ಟಿದ್ದರೆ ಕಂಪ್ರೆಸರ್ ಶೇ. 6ಕ್ಕೂ ಹೆಚ್ಚು ಕರೆಂಟನ್ನು ಸುಮ್ಮನೆ ತಿನ್ನುತ್ತದೆ.

3. ಸುಟ್ಟ ಮೋಟಾರನ್ನು ಮತ್ತೆ ಮತ್ತೆ ರಿವೈಂಡ್ ಮಾಡಿಸಬೇಡಿ

ನನ್ನ ಪ್ರಕಾರ ನಮ್ಮ ಸಣ್ಣ ಕೈಗಾರಿಕೆಯ ಅತಿ ದುಬಾರಿ ಅಭ್ಯಾಸ ಇದು. ಒಂದು ಲೆಕ್ಕ ಮಾಡೋಣ. 10 ಎಚ್‌ಪಿ, ಅಂದರೆ 7.5 ಕಿಲೋವ್ಯಾಟ್ ಮೋಟಾರು ಪೂರ್ಣ ಲೋಡಿನಲ್ಲಿ ವರ್ಷಕ್ಕೆ 6,000 ಗಂಟೆ ಓಡುತ್ತದೆ ಎನ್ನಿ. ಹಳೆಯ ಐಇ1 ದರ್ಜೆಯದಾದರೆ ಅದರ ದಕ್ಷತೆ ಶೇ. 86, ಐಇ3 ದರ್ಜೆಯದಾದರೆ ಶೇ. 90.4. ನೋಡಲು ಸಣ್ಣ ಅಂತರ. ಆದರೆ ವರ್ಷಕ್ಕೆ ಉಳಿಯುವುದು ಸುಮಾರು 2,500 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 17,500 ರೂಪಾಯಿ, ಜೊತೆಗೆ 1.7 ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಇದು ಒಂದೇ ಮೋಟಾರಿನ ಕಥೆ. ಕಳಪೆಯಾಗಿ ರಿವೈಂಡ್ ಮಾಡಿದ ಮೋಟಾರಿನ ದಕ್ಷತೆ ಪ್ರತಿ ಸಲವೂ ಇನ್ನಷ್ಟು ಕುಸಿಯುತ್ತದೆ. ದಿನವಿಡೀ ಓಡುವ ಮೋಟಾರುಗಳನ್ನು ಮೊದಲು ಬದಲಿಸಿ, ಆಗೊಮ್ಮೆ ಈಗೊಮ್ಮೆ ಓಡುವವು ಕಾಯಬಹುದು.

4. ಚಿಮಣಿಯಿಂದ ಹೋಗುವ ಶಾಖವನ್ನು ಹಿಡಿಯಿರಿ

ಬಾಯ್ಲರಿಗೆ ಹೋಗುವ ನೀರು ಪ್ರತಿ 6 ಡಿಗ್ರಿ ಬೆಚ್ಚಗಾದಂತೆಲ್ಲ ಸುಮಾರು ಶೇ. 1ರಷ್ಟು ಇಂಧನ ಉಳಿಯುತ್ತದೆ. ಚಿಮಣಿಯ ಬಿಸಿ ಹೊಗೆಯಿಂದಲೇ ಆ ನೀರನ್ನು ಕಾಯಿಸಬಹುದು.

5. ಛಾವಣಿಯನ್ನು ದುಡಿಸಿ

ಒಂದು ಕಿಲೋವ್ಯಾಟ್ ಸೋಲಾರಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಸಾಕು. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. 50 ಕಿಲೋವ್ಯಾಟ್ ಹಾಕಿದರೆ ವರ್ಷಕ್ಕೆ ಸುಮಾರು 50 ಟನ್ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ. ಹಳೆಯ ಶೀಟಿನ ಛಾವಣಿಯಾದರೆ ಭಾರ ತಡೆಯುತ್ತದೆಯೇ ಎಂದು ಇಂಜಿನಿಯರಿಗೆ ಮೊದಲೇ ತೋರಿಸಿ. ಛಾವಣಿ ಸಾಲದಿದ್ದರೆ 2022ರ ನಿಯಮದಂತೆ 100 ಕಿಲೋವ್ಯಾಟ್ ಮೇಲ್ಪಟ್ಟ ಲೋಡಿನವರು ಓಪನ್ ಆಕ್ಸೆಸ್ ಮೂಲಕ ಹಸಿರು ವಿದ್ಯುತ್ತನ್ನು ನೇರ ಉತ್ಪಾದಕರಿಂದ ಕೊಳ್ಳಬಹುದು. ಮೊದಲು ಈ ಮಿತಿ 1 ಮೆಗಾವ್ಯಾಟ್ ಇತ್ತು. ಸಾಗಣೆ ಶುಲ್ಕ, ಸರ್‌ಚಾರ್ಜ್ ಎಲ್ಲ ಸೇರಿಸಿಯೇ ದರ ಹೋಲಿಸಿ.

6. ಹಣವಿಲ್ಲವೆಂದು ಕೈಕಟ್ಟಿ ಕೂರಬೇಡಿ

ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ, ಹಳ್ಳಿಯವರು ಸೋಲಾರ್ ದೀಪಕ್ಕೆ ದುಡ್ಡು ಕೊಡಲಾರರು ಎಂಬ ನಂಬಿಕೆಯಿತ್ತು. ಹರೀಶ್ ಹಂದೆ ಮತ್ತು ಸಂಗಡಿಗರು ಗ್ರಾಮೀಣ ಬ್ಯಾಂಕುಗಳ ಮನವೊಲಿಸಿ, ಗಿರಾಕಿಯ ದುಡಿಮೆಗೆ ಹೊಂದುವ ಕಂತು ಮಾಡಿಸಿ ಆ ನಂಬಿಕೆಯನ್ನು ಸುಳ್ಳು ಮಾಡಿದರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂಧನ ಉಳಿಸುವ ಯಂತ್ರಕ್ಕೆ ಸಾಲ ಪಡೆಯುವ ಕಾರ್ಖಾನೆಗೂ ಅದೇ ದಾರಿ: ಉಳಿತಾಯದ ಮೊತ್ತಕ್ಕೆ ತಕ್ಕಂತೆ ಕಂತು ಕೇಳಿ. ಕೇಂದ್ರದ 'ಅದೀತಿ' ಯೋಜನೆಯಲ್ಲಿ ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಶೇ. 5, ಮಧ್ಯಮದವಕ್ಕೆ ಶೇ. 3 ಬಡ್ಡಿ ಸಹಾಯಧನವಿದೆ. ನಿಮ್ಮ ಕ್ಲಸ್ಟರ್ ಅದರಲ್ಲಿದೆಯೇ ಎಂದು ವಿಚಾರಿಸಿ.

7. ಖರೀದಿದಾರ ಕೇಳುವ ಮೊದಲೇ ಲೆಕ್ಕ ಸಿದ್ಧವಿರಲಿ

ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಪರಿಸರದ ಹೊಣೆಗಾರಿಕೆಯ ವರದಿ ಕೊಡುವುದು ಸೆಬಿ ನಿಯಮದಂತೆ ಕಡ್ಡಾಯ. ಅವರಿಗೆ ಬಿಡಿಭಾಗ ಪೂರೈಸುವ ನಿಮ್ಮ ಬಾಗಿಲಿಗೂ ಆ ಪ್ರಶ್ನೆ ಬರುತ್ತದೆ. ಯುರೋಪಿಗೆ ಉಕ್ಕಿನ ಬೋಲ್ಟು, ನಟ್ಟು ಕಳಿಸುವವರಿಗಂತೂ ಇದು ವ್ಯಾಪಾರ ಉಳಿಸಿಕೊಳ್ಳುವ ಮಾತು: 2026ರ ಜನವರಿ 1ರಿಂದ ಅಲ್ಲಿನ ಗಡಿ ಇಂಗಾಲ ಶುಲ್ಕ ಜಾರಿಯಲ್ಲಿದೆ. ತಯಾರಿಕೆಯ ನಿಜವಾದ ಇಂಗಾಲದ ಲೆಕ್ಕ ಕೊಡದಿದ್ದರೆ ಅವರೇ ನಿಗದಿ ಮಾಡಿದ ಅಂದಾಜು ಅನ್ವಯಿಸುತ್ತದೆ, ಅದು ಸಾಮಾನ್ಯವಾಗಿ ದುಬಾರಿ.

8. ಮಾಡದ್ದನ್ನು ಹೇಳಬೇಡಿ, ಮಾಡಿದ್ದನ್ನು ಮುಚ್ಚಿಡಬೇಡಿ

ಪೊಟ್ಟಣದ ಮೇಲೆ 'ಪರಿಸರ ಸ್ನೇಹಿ' ಎಂದು ಬರೆದರೆ ಆಧಾರ ಕೊಡಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ. ಅದೇ ಹೊತ್ತಿಗೆ, ನಿಜವಾಗಿ ಉಳಿಸಿದವರು ಸುಮ್ಮನಿದ್ದರೆ ಪಕ್ಕದ ಶೆಡ್ಡಿನವರಿಗೆ ದಾರಿ ತಿಳಿಯುವುದಿಲ್ಲ. ಒಬ್ಬರೇ ಎನರ್ಜಿ ಆಡಿಟ್ ಮಾಡಿಸುವುದು ದುಬಾರಿ ಎನಿಸಿದರೆ ಹತ್ತು ಕಾರ್ಖಾನೆ ಸೇರಿ ಮಾಡಿಸಿ. ನಿಮ್ಮ ಕೈಗಾರಿಕಾ ಸಂಘದ ಮುಂದಿನ ಸಭೆಗೆ ನಿಮ್ಮ ಅಂಕಿಗಳನ್ನು ತೆಗೆದುಕೊಂಡು ಹೋಗಿ, ಉಳಿದವರ ಅಂಕಿಗಳನ್ನೂ ಕೇಳಿ.